ಜಯನಗರದಿಂದ ಗುಂಬಳ್ಳಿಗೆ

ದಕ್ಷಿಣ ಬೆಂಗಳೂರನ್ನು ನೋಡಬೇಕೆಂದು ಬರುವ ಪರಸ್ಥಳದವರಿಗೆ ಊರಿನವರು ತೋರಿಸುವ ಸ್ಥಳಗಳು ಗೊತ್ತಾದವೇ ಆಗಿವೆ: ಲಾಲ್‌ಬಾಗಿನ ಬಂಡೆ, ಬಸವನಗುಡಿಯ ದೊಡ್ಡ ಬಸವ, ಜಯನಗರದ ಅಶೋಕ ಸ್ತಂಭ, ರಾಗಿಗುಡ್ಡದ ಆಂಜನೇಯ, ಬನಶಂಕರಿಯ ಅಮ್ಮನವರ ಗುಡಿ. ಆಸ್ಪತ್ರೆಯನ್ನು ನೋಡಿ ಬನ್ನಿ ಎಂದು ಯಾರೂ ಯಾರಿಗೂ ಹೇಳುವುದಿಲ್ಲ. ಅಗತ್ಯ ಬಿದ್ದಾಗ ಅದು ತಾನಾಗಿಯೇ ಕಣ್ಣಿಗೆ ಬೀಳುತ್ತದೆ; ಅಗತ್ಯ ತೀರಿದ ಮೇಲೆ ಮನಸ್ಸು ಅದನ್ನು ಮರೆಯಲು ಬಯಸುತ್ತದೆ. ಆದರೂ ಊರಿನ ಈ ಭಾಗದ ಹುಟ್ಟಿಗೂ ಬೆಳವಣಿಗೆಗೂ ರೋಗದ ನಂಟು ಇದೆಯೆಂಬುದನ್ನು ನೆನೆದರೆ, ಒಮ್ಮೆಯಾದರೂ ಆ ಕಣ್ಣಿನಿಂದ ಇದನ್ನು ನೋಡುವುದು ಉಚಿತವೆನಿಸುತ್ತದೆ.

1898ರಲ್ಲಿ ಪ್ಲೇಗು ಮಾರಿಯು ಬೆಂಗಳೂರಿನ ಪೇಟೆಗೆ ನುಗ್ಗಿದಾಗ ಇಕ್ಕಟ್ಟಾದ ಓಣಿಗಳ ಜನರು ಮನೆಮಠಗಳಿಗೆ ಬೀಗ ಹಾಕಿ ಬಯಲಿಗೆ ಓಡಿದರು. ಗಾಳಿ ಬೆಳಕುಗಳಿಗೆ ಎಡೆಯಿರುವ ವಸತಿ ಬೇಕೆಂಬ ಅರಿವು ಊರಿನವರಿಗೆ ಮನದಟ್ಟಾದುದು ಆ ಹೊತ್ತಿನಲ್ಲಿ. ಉತ್ತರಕ್ಕೆ ಮಲ್ಲೇಶ್ವರವೂ ದಕ್ಷಿಣಕ್ಕೆ ಬಸವನಗುಡಿಯೂ ಹೀಗೆ ತುಂಬಿಕೊಂಡವು. ಅರ್ಧ ಶತಮಾನ ಕಳೆದ ಮೇಲೆ, 1948ರಲ್ಲಿ, ಬಸವನಗುಡಿಯ ಆಚೆಗಿನ ಹೊಲಗದ್ದೆಗಳಲ್ಲಿ ಜಯನಗರಕ್ಕೆ ಅಡಿಗಲ್ಲು ಬಿದ್ದಿತು. ಅಡಿಗಲ್ಲನ್ನು ಇಟ್ಟವರು ಆಗಿನ ಗವರ್ನರ್ ಜನರಲ್ ಚಕ್ರವರ್ತಿ ರಾಜಗೋಪಾಲಾಚಾರಿಯವರು. ಅಗಲವಾದ ರಸ್ತೆ, ಸಾಲುಮರ, ನಡುನಡುವೆ ಆಟದ ಬಯಲು, ಇವೆಲ್ಲವೂ ಸೊಗಸಿಗಾಗಿ ಮಾತ್ರವೇ ಬಂದುವಲ್ಲ. ಪ್ಲೇಗಿನ ನೆನಪು ಕಲಿಸಿದ ಪಾಠವೂ ಅದರಲ್ಲಿ ಸೇರಿದೆ.

ಇಂದು ಜಯನಗರದ ಪೂರ್ವದ ಅಂಚಿನಲ್ಲಿ ನಿಂತರೆ ನಾಡಿನ ಬೇರೆಲ್ಲಿಯೂ ಕಾಣದಂಥ ಒಂದು ಆಸ್ಪತ್ರೆಗಳ ಸಾಲು ಕಾಣುತ್ತದೆ. ಹೃದಯಕ್ಕೆ ಜಯದೇವ, ಮೂಳೆಗೆ ಸಂಜಯ ಗಾಂಧಿ ಸಂಸ್ಥೆ, ಮನಸ್ಸಿಗೂ ನರಕ್ಕೂ ನಿಮ್ಹಾನ್ಸ್, ಅರ್ಬುದಕ್ಕೆ ಕಿದ್ವಾಯಿ, ಮಕ್ಕಳಿಗೆ ಇಂದಿರಾ ಗಾಂಧಿ ಸಂಸ್ಥೆ. ದೇಹದ ಒಂದೊಂದು ಅಂಗಕ್ಕೂ ಒಂದೊಂದು ಕ್ಷೇತ್ರವೆಂಬಂತೆ ಇವು ಒಂದಕ್ಕೊಂದು ಸಮೀಪದಲ್ಲಿಯೇ ನಿಂತಿವೆ. ಕ್ಷೇತ್ರಗಳಿಗೆ ಯಾತ್ರಿಕರು ಬರುವಂತೆಯೇ ಇಲ್ಲಿಗೂ ಜನರು ಬರುತ್ತಾರೆ. ಮುಂಜಾನೆಯ ಬಸ್ಸುಗಳಿಂದ ಇಳಿದು, ಕಂಕುಳಲ್ಲಿ ಬುತ್ತಿಯ ಗಂಟು, ಕೈಯಲ್ಲಿ ಎಕ್ಸ್‌ರೇ ತೆಗೆದ ದೊಡ್ಡ ಲಕೋಟೆ ಹಿಡಿದು, ಗೇಟಿನ ಮುಂದಿನ ಕಾಲುದಾರಿಯಲ್ಲಿ ಕುಳಿತಿರುವವರ ಮಾತನ್ನು ಕಿವಿಗೊಟ್ಟು ಕೇಳಿದರೆ, ರಾಯಚೂರಿನ ಕನ್ನಡ, ಚಾಮರಾಜನಗರದ ಕನ್ನಡ, ಚಿತ್ರದುರ್ಗದ ಕನ್ನಡ ಎಲ್ಲವೂ ಕೇಳಿಸುತ್ತವೆ.

ಇಷ್ಟು ದೂರದಿಂದ ಅವರು ಏಕೆ ಬಂದರು? ದೊಡ್ಡ ರೋಗವಾದುದರಿಂದ ಬಂದರು ಎಂಬುದು ಒಂದು ಉತ್ತರ. ಆದರೆ ಅವರಲ್ಲಿ ಅನೇಕರ ರೋಗವು ದೊಡ್ಡದಾದುದು, ಅದು ಚಿಕ್ಕದಾಗಿದ್ದಾಗ ಊರಿನಲ್ಲಿ ನೋಡುವವರು ಇಲ್ಲದಿದ್ದುದರಿಂದ. ಈ ಎರಡನೆಯ ಉತ್ತರವನ್ನು ಮನಸ್ಸಿಗೆ ಹಚ್ಚಿಕೊಂಡು ಕೆಲಸಕ್ಕೆ ಹೊರಟ ಕೆಲವರ ಕಥೆಯೇ ಈ ಲೇಖನದ ವಿಷಯ. ಆ ಕಥೆಯ ಒಂದು ತುದಿ ಜಯನಗರದಲ್ಲಿದೆ. ಇನ್ನೊಂದು ತುದಿಯು ನೂರೆಪ್ಪತ್ತು ಕಿಲೋಮೀಟರಿನಷ್ಟು ದೂರದ ಒಂದು ಬೆಟ್ಟದ ಬುಡದಲ್ಲಿದೆ.

ಟಿ ಬ್ಲಾಕಿನ ಎರಡು ಕಛೇರಿಗಳು

ಜಯನಗರದ ನಾಲ್ಕನೆಯ ಟಿ ಬ್ಲಾಕಿನಲ್ಲಿ ರಾಜೀವ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಸೌಧವಿದೆ. ಈ ವಿಶ್ವವಿದ್ಯಾಲಯ ಸ್ಥಾಪಿತವಾದುದು 1996ರಲ್ಲಿ. ಕರ್ನಾಟಕದ ವೈದ್ಯಕೀಯ ಕಾಲೇಜುಗಳಿಂದ ವರ್ಷವರ್ಷವೂ ಸಾವಿರಾರು ಮಂದಿ ತರುಣ ತರುಣಿಯರು ವೈದ್ಯರಾಗಿ ಹೊರಬರುವುದು ಇದರ ಮುದ್ರೆಯಿಂದಲೇ. ಇದೇ ಟಿ ಬ್ಲಾಕಿನ ಒಂದು ಸಾಧಾರಣ ಮನೆಯಲ್ಲಿ ಇನ್ನೊಂದು ಸಂಸ್ಥೆಯೂ ತನ್ನ ಬೆಂಗಳೂರಿನ ಕಛೇರಿಯನ್ನು ಬಹುಕಾಲ ನಡೆಸಿಕೊಂಡು ಬಂದಿತು. ಅದರ ಹೆಸರು ಕರುಣಾ ಟ್ರಸ್ಟ್. ಅದೇ 1996ರಲ್ಲಿ ಈ ಟ್ರಸ್ಟು, ಅಂದು ಮೈಸೂರು ಜಿಲ್ಲೆಗೆ ಸೇರಿದ್ದ ಯಳಂದೂರು ತಾಲ್ಲೂಕಿನ ಗುಂಬಳ್ಳಿ ಎಂಬ ಊರಿನ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ನಡೆಸುವ ಹೊಣೆಯನ್ನು ವಹಿಸಿಕೊಂಡಿತು. ವೈದ್ಯರನ್ನು ಸಿದ್ಧಪಡಿಸುವುದು ಒಂದು ಕೆಲಸ, ಅವರನ್ನು ಹಳ್ಳಿಯಲ್ಲಿ ನೆಲೆ ನಿಲ್ಲಿಸುವುದು ಇನ್ನೊಂದು ಕೆಲಸ. ಈ ಎರಡರ ನಡುವಿನ ಅಂತರವೇ ನಾಡಿನ ಆರೋಗ್ಯದ ಮುಖ್ಯ ಸಮಸ್ಯೆಯೆಂದರೆ ತಪ್ಪಾಗಲಾರದು.

ಟ್ರಸ್ಟಿನ ಸ್ಥಾಪಕರು ಡಾ. ಹನುಮಪ್ಪ ಸುದರ್ಶನ್. 1950ರಲ್ಲಿ ಬೆಂಗಳೂರಿನ ಹೊರವಲಯದ ಯಮಲೂರಿನಲ್ಲಿ ಹುಟ್ಟಿದವರು. ಇವರು ಹನ್ನೆರಡು ವರ್ಷದ ಬಾಲಕನಾಗಿದ್ದಾಗ ತಂದೆಯವರು ಹಳ್ಳಿಯೊಂದರಲ್ಲಿ, ವೈದ್ಯರ ನೆರವು ಸಿಕ್ಕದೆ ತೀರಿಕೊಂಡರು. ಆ ಸಾವನ್ನು ಕಣ್ಣಾರೆ ಕಂಡ ಬಾಲಕನು ಬೆಂಗಳೂರು ಮೆಡಿಕಲ್ ಕಾಲೇಜಿಗೆ ಸೇರಿ 1973ರಲ್ಲಿ ವೈದ್ಯನಾದನು. ವಿವೇಕಾನಂದರ ಮಾತುಗಳೂ, ಆಫ್ರಿಕದ ಕಾಡಿನಲ್ಲಿ ಆಸ್ಪತ್ರೆ ಕಟ್ಟಿದ ಆಲ್ಬರ್ಟ್ ಷ್ವೈಟ್ಸರರ ಜೀವನವೂ ಅವರನ್ನು ಸೆಳೆದುವು. ರಾಮಕೃಷ್ಣ ಮಿಷನ್ನಿನ ಚಿಕಿತ್ಸಾಲಯಗಳಲ್ಲಿ ಕೆಲವು ವರ್ಷ ಸೇವೆ ಮಾಡಿ, ಕಡೆಗೆ ಬಿಳಿಗಿರಿರಂಗನ ಬೆಟ್ಟಕ್ಕೆ ಬಂದು ಸೋಲಿಗರ ನಡುವೆ ಗುಡಿಸಲು ಹಾಕಿಕೊಂಡು ನಿಂತರು. 1981ರಲ್ಲಿ ಅಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವು ಸ್ಥಾಪಿತವಾಯಿತು. ಬೆಟ್ಟದ ಕೆಳಗಿನ ಬಯಲು ಸೀಮೆಯ ರೋಗಿಗಳಿಗಾಗಿ ಕರುಣಾ ಟ್ರಸ್ಟು ಹುಟ್ಟಿದುದು 1986ರಲ್ಲಿ. 1994ರಲ್ಲಿ ಸ್ವೀಡನ್ ದೇಶದ ರೈಟ್ ಲೈವ್ಲಿಹುಡ್ ಪ್ರಶಸ್ತಿಯೂ, 2000ದಲ್ಲಿ ಪದ್ಮಶ್ರೀಯೂ ಅವರಿಗೆ ಬಂದುವು. ಹೆಸರು ಬಂದುದು ಹೀಗೆ. ಕೆಲಸ ನಡೆದುದು ಹೇಗೆಂಬುದನ್ನು ತಿಳಿಯಬೇಕಾದರೆ ದಾರಿ ಹಿಡಿದು ಹೋಗಬೇಕು.

ಕನಕಪುರದ ರಸ್ತೆ

ದಾರಿ ಸುಲಭ. ಬನಶಂಕರಿಯ ಗುಡಿಯ ಮುಂದೆ ಹಾದುಹೋಗುವ ಕನಕಪುರದ ರಸ್ತೆಯನ್ನು ಬಿಡದೆ ಹಿಡಿದರೆ ಸಾಕು. ಬಲಗಡೆ ಬನಶಂಕರಿ ಬಡಾವಣೆ, ಎಡಗಡೆ ಜಯಪ್ರಕಾಶ ನಾರಾಯಣರ ಹೆಸರನ್ನು ಹೊತ್ತ ಜೆ. ಪಿ. ನಗರ, ಸಾರಕ್ಕಿ, ಯಲಚೇನಹಳ್ಳಿ, ಕೋಣನಕುಂಟೆಗಳು ಒಂದಾದ ಮೇಲೊಂದು ಬರುತ್ತವೆ. ಒಂದು ಕಾಲಕ್ಕೆ ಇವೆಲ್ಲವೂ ರಾಗಿ ಬೆಳೆಯುವ ಹಳ್ಳಿಗಳಾಗಿದ್ದುವು. ಈಗ ತಲೆಯ ಮೇಲೆ ಮೆಟ್ರೋ ರೈಲು ಓಡುತ್ತದೆ. 2021ರ ಜನವರಿಯಲ್ಲಿ ಅದು ರೇಷ್ಮೆ ಸಂಸ್ಥೆಯವರೆಗೂ ಬಂದಿತು. ಅಲ್ಲಿಂದಾಚೆಗೆ ಊರು ಸಡಿಲಗೊಳ್ಳುತ್ತದೆ. ಕಗ್ಗಲೀಪುರ, ಹಾರೋಹಳ್ಳಿ, ಕನಕಪುರ, ಸಾತನೂರು, ಹಲಗೂರು, ಮಳವಳ್ಳಿ. ಹಿಪ್ಪುನೇರಳೆಯ ತೋಟಗಳು ಹೋಗಿ ಕಬ್ಬಿನ ಗದ್ದೆಗಳು ಬರುತ್ತವೆ. ಶಿವನಸಮುದ್ರದ ಬಳಿ ಕಾವೇರಿಯನ್ನು ದಾಟಿದರೆ ಕೊಳ್ಳೇಗಾಲ.

ಈ ದಾರಿಯಲ್ಲಿ ಹೋಗುವವನು ಒಂದು ಸಂಗತಿಯನ್ನು ಗಮನಿಸದೆ ಇರಲಾರನು. ಜಯನಗರದಲ್ಲಿ ಅಡ್ಡರಸ್ತೆಗೆ ಒಂದರಂತೆ ಕಾಣುತ್ತಿದ್ದ ವೈದ್ಯರ ಫಲಕಗಳು ಊರು ದಾಟಿದಂತೆಲ್ಲ ವಿರಳವಾಗುತ್ತವೆ. ತಾಲ್ಲೂಕಿನ ಊರು ಬಂದಾಗ ನಾಲ್ಕಾರು ಒಟ್ಟಿಗೆ ಕಾಣಿಸಿಕೊಂಡು ಮತ್ತೆ ಮಾಯವಾಗುತ್ತವೆ. ಮೈಲಿಗಲ್ಲುಗಳನ್ನು ಎಣಿಸುವ ಬದಲು ಈ ಫಲಕಗಳನ್ನು ಎಣಿಸುತ್ತ ಹೋದರೆ ಬೆಂಗಳೂರಿನಿಂದ ಎಷ್ಟು ದೂರ ಬಂದೆವೆಂದು ಅಂದಾಜಿನಲ್ಲಿ ಹೇಳಬಹುದು.

ಕೊಳ್ಳೇಗಾಲವು 1956ರ ನವೆಂಬರ್ ಒಂದನೆಯ ತಾರೀಖಿನವರೆಗೂ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದಿತು. ಅದರ ಪಕ್ಕದ ಯಳಂದೂರಾದರೋ ಮೈಸೂರಿನದು; 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಬಂದ ಸೀಮೆ. ಸುವರ್ಣಾವತಿಯ ದಡದ ಈ ಚಿಕ್ಕ ಊರಿನಲ್ಲಿ ಗೌರೀಶ್ವರನ ಗುಡಿಯೂ, ಅದರ ಮುಂದಿನ ಬಳೆಮಂಟಪವೂ ನೋಡತಕ್ಕವು. ಕಲ್ಲಿನಲ್ಲಿ ಕೊರೆದ ಬಳೆಗಳ ಸರಪಣಿಯನ್ನು ಕಂಡವರು ಶಿಲ್ಪಿಯ ತಾಳ್ಮೆಗೆ ತಲೆದೂಗುತ್ತಾರೆ. ಯಳಂದೂರಿನಿಂದ ಬೆಟ್ಟದ ಕಡೆಗೆ ತಿರುಗಿದ ರಸ್ತೆಯಲ್ಲಿ ಗುಂಬಳ್ಳಿ ಸಿಕ್ಕುತ್ತದೆ. ಎದುರಿಗೆ ನೀಲಿಯಾಗಿ ನಿಂತ ಬಿಳಿಗಿರಿಯ ಸಾಲು. ಈಚೆಗೆ ಗದ್ದೆ, ತೋಟ, ಕೆರೆ.

ಬಿಳಿಯ ಮಚ್ಚೆಯ ಕಾಲ

ಈ ಸುಂದರವಾದ ಸೀಮೆಗೆ ಒಂದು ಶಾಪವಿದ್ದಿತು. 1980ರ ದಶಕದಲ್ಲಿ ಯಳಂದೂರು ತಾಲ್ಲೂಕಿನಲ್ಲಿ ಕುಷ್ಠರೋಗವು ಬಹಳವಾಗಿ ಹರಡಿದ್ದಿತು. 1987ರ ಸುಮಾರಿಗೆ ಸಾವಿರ ಜನರಲ್ಲಿ ಇಪ್ಪತ್ತಕ್ಕಿಂತ ಹೆಚ್ಚು ಮಂದಿಗೆ ಈ ರೋಗವಿದ್ದಿತೆಂದು ಲೆಕ್ಕ. ಮೈಮೇಲೆ ಸ್ಪರ್ಶವಿಲ್ಲದ ಒಂದು ಮಚ್ಚೆ ಕಾಣಿಸಿಕೊಂಡರೆ ಅದನ್ನು ಸೆರಗಿನಿಂದ ಮುಚ್ಚಿಕೊಳ್ಳುವ ಹೆಂಗಸರು, ಮಗಳ ಮದುವೆ ನಿಂತೀತೆಂದು ಹೆದರಿ ಬಾಯಿ ಬಿಡದ ತಂದೆತಾಯಿಗಳು. ರೋಗಕ್ಕಿಂತ ಅದರ ಹೆಸರೇ ಹೆಚ್ಚು ಭಯಂಕರವಾಗಿದ್ದ ಕಾಲ.

ಆ ಹೊತ್ತಿಗೆ ಬಹು ಔಷಧಿಗಳ ಚಿಕಿತ್ಸೆ ಬಳಕೆಗೆ ಬಂದಿದ್ದಿತು. ಡ್ಯಾಪ್ಸೋನ್, ರಿಫಾಂಪಿಸಿನ್, ಕ್ಲೊಫಾಜಿಮೈನ್ ಎಂಬ ಗುಳಿಗೆಗಳನ್ನು ಕೂಡಿಸಿ ಕೊಟ್ಟರೆ ರೋಗವು ಪೂರ್ಣವಾಗಿ ಗುಣವಾಗುತ್ತದೆ. ಆದರೆ ಅವನ್ನು ತಿಂಗಳುಗಟ್ಟಲೆ ತಪ್ಪದೆ ನುಂಗಬೇಕು. ಒಂದು ಗುಳಿಗೆಯಿಂದ ಮೂತ್ರ ಕೆಂಪಾಗುತ್ತದೆ. ಇನ್ನೊಂದರಿಂದ ಮೈಯ ಬಣ್ಣ ಕಪ್ಪಿಡುತ್ತದೆ. ಕಾರಣ ತಿಳಿಯದ ರೋಗಿ ಬೆದರಿ ಗುಳಿಗೆಗಳನ್ನು ಹಿತ್ತಿಲಿಗೆ ಎಸೆಯುತ್ತಾನೆ. ಮನೆಯ ಬಾಗಿಲಿಗೆ ಹೋಗಿ, ಇದು ಹೀಗೆಯೇ ಆಗುತ್ತದೆ, ಹೆದರಬೇಡಿ, ನಿಲ್ಲಿಸಬೇಡಿ ಎಂದು ಹೇಳುವವರೊಬ್ಬರು ಬೇಕು. ಒಂದು ಸಲ ಹೇಳಿದರೆ ಸಾಲದು. ಮುಂದಿನ ತಿಂಗಳೂ ಅದೇ ಮುಖ ಅದೇ ಬಾಗಿಲಿಗೆ ಬರಬೇಕು. ಔಷಧಿಯು ಉಚಿತವಾಗಿಯೇ ಬರುತ್ತಿದ್ದಿತು. ಹೀಗೆ ಬಾಗಿಲಿಗೆ ಹೋಗುವ ಮುಖಗಳ ಅಭಾವವಿದ್ದಿತು. ಕರುಣಾ ಟ್ರಸ್ಟು ಒದಗಿಸಿದುದು ಅದನ್ನು. 2005ರ ಹೊತ್ತಿಗೆ ರೋಗವು ಸಾವಿರಕ್ಕೆ ಒಬ್ಬರಿಗಿಂತಲೂ ಕಡಿಮೆಗೆ ಇಳಿದಿದ್ದಿತು.

ಈ ಮನೆಮನೆಯ ಅಲೆದಾಟದಲ್ಲಿ ಇನ್ನೊಂದು ವಿಷಯವೂ ತಿಳಿಯಿತು. ಮಚ್ಚೆಯನ್ನು ಹುಡುಕಿಕೊಂಡು ಹೋದವರಿಗೆ ಮೂರ್ಛೆರೋಗದವರು ಸಿಕ್ಕಿದರು, ಕ್ಷಯದವರು ಸಿಕ್ಕಿದರು, ಮನಸ್ಸು ಕೆಟ್ಟಿದೆಯೆಂದು ಕೋಣೆಯಲ್ಲಿ ಕೂಡಿಹಾಕಲ್ಪಟ್ಟವರೂ ಸಿಕ್ಕಿದರು. ಮೂರ್ಛೆ ಬಂದವನ ಕೈಗೆ ಕಬ್ಬಿಣದ ಬೀಗದ ಕೈ ಕೊಡುವ, ಗಾಳಿ ಸೋಕಿತೆಂದು ತಾಯಿತ ಕಟ್ಟಿಸುವ ಪದ್ಧತಿ ಎಲ್ಲ ಹಳ್ಳಿಗಳಲ್ಲಿರುವಂತೆ ಇಲ್ಲಿಯೂ ಇದ್ದಿತು. ಅಗ್ಗದ ಗುಳಿಗೆಯೊಂದನ್ನು ದಿನವೂ ತಪ್ಪದೆ ಕೊಟ್ಟರೆ ಇಂಥವರಲ್ಲಿ ಬಹುಮಂದಿ ನೆಟ್ಟಗೆ ಹೊಲಕ್ಕೆ ಹೋಗಿ ದುಡಿಯಬಲ್ಲರು. ನಿಮ್ಹಾನ್ಸಿನ ಗೇಟಿನ ಮುಂದೆ ಬುತ್ತಿಯ ಗಂಟಿನೊಡನೆ ಕುಳಿತುಕೊಳ್ಳಬೇಕಾಗಿದ್ದ ಜನರಿವರು. ಅಷ್ಟು ದೂರ ಬರುವ ಶಕ್ತಿ ಇಲ್ಲದೆ ಕೋಣೆಯಲ್ಲಿಯೇ ಉಳಿದಿದ್ದರು.

ಗುಂಬಳ್ಳಿಯ ಪಾಠ

1946ರಲ್ಲಿ ಭೋರ್ ಸಮಿತಿಯು ತನ್ನ ವರದಿಯಲ್ಲಿ ಹಳ್ಳಿಗರಿಗೆ ಹತ್ತಿರದಲ್ಲಿಯೇ ಚಿಕಿತ್ಸೆ ದೊರೆಯಬೇಕು, ಹಣವಿಲ್ಲವೆಂದು ಯಾರೂ ಅದರಿಂದ ವಂಚಿತರಾಗಬಾರದು ಎಂಬ ತತ್ವವನ್ನು ಮುಂದಿಟ್ಟಿತು. ಪ್ರಾಥಮಿಕ ಆರೋಗ್ಯ ಕೇಂದ್ರಗಳು ಆ ತತ್ವದ ಫಲ. ಬಯಲು ಸೀಮೆಯಲ್ಲಿ 30,000 ಜನರಿಗೆ ಒಂದು, ಬೆಟ್ಟಗುಡ್ಡಗಳ ಗಿರಿಜನ ಪ್ರದೇಶದಲ್ಲಿ 20,000 ಜನರಿಗೆ ಒಂದು ಎಂಬುದು ನಿಯಮ. ಕಾಗದದ ಮೇಲಿನ ಈ ಏರ್ಪಾಡಿನಲ್ಲಿ ಕುಂದು ಹುಡುಕುವುದು ಕಷ್ಟ. ಕಟ್ಟಡವುಂಟು, ಫಲಕವುಂಟು, ಔಷಧಿಯ ಕಪಾಟು ಉಂಟು. ವೈದ್ಯರ ಕುರ್ಚಿ ಮಾತ್ರ ಅನೇಕ ಊರುಗಳಲ್ಲಿ ಬರಿದು. ವಾರಕ್ಕೆರಡು ದಿನ ಜಿಲ್ಲಾ ಕೇಂದ್ರದಿಂದ ಬಂದು ಮಧ್ಯಾಹ್ನದ ಬಸ್ಸಿಗೆ ಹಿಂದಿರುಗುವ ವೈದ್ಯರಿಂದ ಹಗಲಿನ ಜ್ವರಕ್ಕೆ ಮದ್ದು ಸಿಕ್ಕೀತೇ ಹೊರತು ಅಪರಾತ್ರಿಯ ಹೆರಿಗೆ ನೋವಿಗೆ ಸಿಕ್ಕಲಾರದು.

ಗುಂಬಳ್ಳಿಯಲ್ಲಿ ಆದ ಒಪ್ಪಂದವು ಸರಳವಾದುದು. ಕಟ್ಟಡ ಸರ್ಕಾರದ್ದು, ಖರ್ಚಿನ ಬಹುಭಾಗವೂ ಸರ್ಕಾರದ್ದೇ, ರೋಗಿಯಿಂದ ಕಾಸು ಕೇಳುವಂತಿಲ್ಲ. ಸಿಬ್ಬಂದಿಯನ್ನು ನೇಮಿಸಿ ಕೇಂದ್ರವನ್ನು ನಡೆಸುವುದು ಟ್ರಸ್ಟಿನ ಹೊಣೆ. ಹೊಸ ಆಸ್ಪತ್ರೆಯನ್ನು ಪಕ್ಕದಲ್ಲಿ ಕಟ್ಟಿ ಸರ್ಕಾರದ್ದನ್ನು ನಾಚಿಸುವ ಇಚ್ಛೆ ಅದಕ್ಕಿರಲಿಲ್ಲ; ಇರುವುದೇ ಇರಬೇಕಾದಂತೆ ನಡೆಯಲಿ ಎಂಬುದಷ್ಟೆ ಅದರ ಉದ್ದೇಶ. ಹಗಲಿರುಳೂ ಬಾಗಿಲು ತೆರೆದಿರುವುದು, ಸಿಬ್ಬಂದಿ ಊರಿನಲ್ಲಿಯೇ ವಾಸಿಸುವುದು, ಔಷಧಿ ಮುಗಿಯುವ ಮೊದಲೇ ತರಿಸುವುದು, ಇವೇ ಇಲ್ಲಿ ನಡೆದ ಸುಧಾರಣೆಗಳು. ಮೂರ್ಛೆರೋಗ, ಮನೋರೋಗ, ಕಣ್ಣಿನ ತೊಂದರೆಗಳಿಗೂ ಇದೇ ಕೇಂದ್ರದಲ್ಲಿ ಚಿಕಿತ್ಸೆ ಸೇರಿಕೊಂಡಿತು. ಈ ಮಾದರಿಯನ್ನು ಟ್ರಸ್ಟು ಮುಂದೆ ಕರ್ನಾಟಕದ ಇತರ ಜಿಲ್ಲೆಗಳಿಗೂ, ಅರುಣಾಚಲ ಪ್ರದೇಶ, ಮೇಘಾಲಯ, ಒಡಿಶಾಗಳಂಥ ದೂರದ ರಾಜ್ಯಗಳಿಗೂ ಕೊಂಡೊಯ್ದಿತು.

ಸರ್ಕಾರದ ಕರ್ತವ್ಯವನ್ನು ಇನ್ನೊಬ್ಬರ ಕೈಗೆ ಕೊಡುವುದು ಸರಿಯೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದುದೇ. ಸಂಸ್ಥೆಯು ಒಳ್ಳೆಯದಾದರೆ ಸರಿ, ಕೆಟ್ಟದಾದರೆ ರೋಗಿಯ ಗತಿಯೇನು? ಒಪ್ಪಂದ ಮುಗಿದ ಮಾರನೆಯ ದಿನ ಹೊಣೆ ಯಾರದು? ಗುಂಬಳ್ಳಿಯ ಉದಾಹರಣೆಯಿಂದ ಈ ಪ್ರಶ್ನೆಗಳಿಗೆ ಉತ್ತರ ಸಿಕ್ಕುವುದಿಲ್ಲ. ಆದರೆ ಅದು ಬೇರೆಯೊಂದನ್ನು ತೋರಿಸಿಕೊಟ್ಟಿತು: ಸರ್ಕಾರ ಕೊಡುವ ಹಣವೂ ಔಷಧಿಯೂ ಹಳ್ಳಿಯ ಕೇಂದ್ರವೊಂದನ್ನು ಚೆನ್ನಾಗಿ ನಡೆಸುವುದಕ್ಕೆ ಬಹುಮಟ್ಟಿಗೆ ಸಾಕು, ನಡೆಸುವವರು ಅಲ್ಲಿ ಇರಬೇಕು.

ಉಚಿತವೆಂಬ ಮಾತಿನ ಹಿಂದಿನ ವಂಚನೆಯನ್ನು ಸುದರ್ಶನರು ಬೇರೊಂದು ಕಡೆಯಿಂದಲೂ ಕಂಡರು. 1999ರಲ್ಲಿ ಸರ್ಕಾರವು ರಚಿಸಿದ ಆರೋಗ್ಯ ಕಾರ್ಯಪಡೆಯ ಅಧ್ಯಕ್ಷರಾಗಿ ಅವರು 2001ರಲ್ಲಿ ವರದಿಯನ್ನು ಒಪ್ಪಿಸಿದರು. ಮುಂದೆ ಲೋಕಾಯುಕ್ತದಲ್ಲಿ ಆರೋಗ್ಯ ವಿಭಾಗದ ಜಾಗೃತಿಯ ಹೊಣೆಯನ್ನೂ ಹೊತ್ತರು. ಫಲಕದಲ್ಲಿ ಉಚಿತವೆಂದು ಬರೆದಿದ್ದರೂ, ಗಂಡು ಮಗು ಹುಟ್ಟಿದರೆ ಇಷ್ಟು, ಹೆಣ್ಣಾದರೆ ಇಷ್ಟು ಎಂದು ಬಾಣಂತಿಯ ಮನೆಯವರಿಂದ ಕೀಳುವ ಪದ್ಧತಿ ನಮ್ಮ ನಾಡಿನಲ್ಲಿ ಯಾರಿಗೆ ತಿಳಿಯದು? ಲಂಚವೂ ಒಂದು ರೋಗವೆಂದೇ ಎಣಿಸಿ ಅವರು ಅದರ ಮೇಲೆ ಬಿದ್ದರು.

ಲಂಚವಿಲ್ಲದೆಡೆಯಲ್ಲಿಯೂ ಇನ್ನೊಂದು ವೆಚ್ಚವಿದೆ. ಕೂಲಿಯವನು ಆಸ್ಪತ್ರೆಯಲ್ಲಿ ಮಲಗಿದರೆ ಅಂದಿನ ಕೂಲಿ ಹೋಯಿತು. ಜೊತೆಗೆ ಬಂದ ಹೆಂಡತಿಯ ಕೂಲಿಯೂ ಹೋಯಿತು. 2002ರಲ್ಲಿ ಕರುಣಾ ಟ್ರಸ್ಟು ತಿರುಮಕೂಡಲು ನರಸೀಪುರ ತಾಲ್ಲೂಕಿನಲ್ಲಿ ಬಡವರಿಗಾಗಿ ಒಂದು ವಿಮೆಯನ್ನು ಆರಂಭಿಸಿತು. ವರ್ಷಕ್ಕೆ ತಲೆಗೆ ಇಪ್ಪತ್ತು ರೂಪಾಯಿಯ ಆಸುಪಾಸಿನ ಕಂತು. ಸರ್ಕಾರಿ ಆಸ್ಪತ್ರೆಯಲ್ಲಿ ಮಲಗಿದ ಒಂದೊಂದು ದಿನಕ್ಕೂ ರೋಗಿಗೆ 50 ರೂಪಾಯಿ ಕೂಲಿನಷ್ಟವೆಂದು ಕೈಗೆ ಬರುತ್ತಿದ್ದಿತು. ಉಚಿತವಾದ ಆಸ್ಪತ್ರೆಗೆ ವಿಮೆ ಏಕೆ ಎಂದು ನಗುವವರು, ಕೂಲಿಯವನ ಒಲೆಯ ಲೆಕ್ಕವನ್ನು ಒಮ್ಮೆ ಹಾಕಿ ನೋಡಬೇಕು.

ರಂಗನಾಥನ ಭಾವಮೈದುನರು

ಗುಂಬಳ್ಳಿಯನ್ನು ಬಿಟ್ಟು ಮೇಲಕ್ಕೆ ಹತ್ತಿದರೆ ಗಾಳಿ ತಂಪಾಗುತ್ತದೆ. ಬಿದಿರು, ತೇಗ, ಹೊನ್ನೆ, ಮತ್ತಿಗಳ ಕಾಡು ರಸ್ತೆಯನ್ನು ಮುಚ್ಚುತ್ತದೆ. ಬೆಟ್ಟದ ತುದಿಯ ಬಂಡೆಯ ಮೇಲೆ ಬಿಳಿಗಿರಿರಂಗನಾಥನ ಗುಡಿ. ಸ್ವಾಮಿಯು ಸೋಲಿಗರ ಹೆಣ್ಣು ಕುಸುಮಾಲೆಯನ್ನು ಮೆಚ್ಚಿ ಮದುವೆಯಾದನೆಂದು ಐತಿಹ್ಯ. ಆದುದರಿಂದ ಸೋಲಿಗರು ರಂಗನನ್ನು ಭಾವ ಎಂದೇ ಕರೆಯುತ್ತಾರೆ. ದೇವರನ್ನು ತಂದೆಯೆಂದೂ ತಾಯಿಯೆಂದೂ ಕರೆಯುವ ಜನ ಎಲ್ಲೆಲ್ಲಿಯೂ ಉಂಟು. ಭಾವನೆಂಬ ಸಲಿಗೆಯಿಂದ ಕರೆಯುವವರು ವಿರಳ. ಕಾಡಿನೊಳಗೆ ಭಾರ್ಗವಿ ಹೊಳೆಯ ದಡದಲ್ಲಿ ಅವರು ಪೂಜಿಸುವ ದೊಡ್ಡ ಸಂಪಿಗೆಯ ಮರವಿದೆ.

ವನ್ಯಜೀವಿಗಳ ರಕ್ಷಣೆಗಾಗಿ 1974ರಲ್ಲಿ ಈ ಕಾಡು ಅಭಯಾರಣ್ಯವಾಯಿತು. ಒಳಗಿದ್ದ ಸೋಲಿಗರಲ್ಲಿ ಅನೇಕರನ್ನು ಅಂಚಿಗೆ ತಂದು ಕೂರಿಸಿದರು. ಬೇಟೆ ನಿಂತಿತು, ಕಾಡಿಗೆ ಕಿರುಬೆಂಕಿ ಇಟ್ಟು ಬೆಳೆ ತೆಗೆಯುವ ಪದ್ಧತಿಯೂ ನಿಂತಿತು. ಪರಿಚಿತವಾದ ಗೆಡ್ಡೆಗೆಣಸುಗಳ ಬದಲಿಗೆ ನ್ಯಾಯಬೆಲೆ ಅಂಗಡಿಯ ಅಕ್ಕಿ ಬಂದಿತು. ಹೊರಗಿನಿಂದ ಬಂದ ಅಧಿಕಾರಿಗಳನ್ನು ಕಂಡರೆ ಮರೆಯಾಗುತ್ತಿದ್ದ ಈ ಜನರ ನಡುವೆ ಬೆಂಗಳೂರಿನ ವೈದ್ಯರೊಬ್ಬರು ಬಂದು ಕುಳಿತಾಗ, ಅವರನ್ನು ಒಡನೆಯೇ ನಂಬಬೇಕೆಂದರೆ ಹೇಗೆ? ಪೇಟೆಯಿಂದ ಬಂದವರೆಲ್ಲ ಒಂದಲ್ಲ ಒಂದು ದಿನ ಹೊರಟುಹೋಗುತ್ತಾರೆಂಬುದು ಅವರ ಅನುಭವ. ಈ ವೈದ್ಯರು ಹೊರಡಲಿಲ್ಲವೆಂಬುದು ತಿಳಿದ ಮೇಲೆ ನಂಬಿಕೆ ತಾನಾಗಿಯೇ ಬಂದಿತು.

ಸೋಲಿಗರಿಂದ ವೈದ್ಯರು ಕಲಿತುದೂ ಕಡಿಮೆಯಲ್ಲ. ಸೋಲಿಗರ ಹೆಂಗಸರು ಮಲಗಿ ಹೆರುವವರಲ್ಲ. ಕುಕ್ಕರುಗಾಲಿನಲ್ಲಿ ಕುಳಿತು ಹೆರುವವರು. ಅದನ್ನು ಅನಾಗರಿಕವೆಂದು ತಳ್ಳದೆ, ಅದರಲ್ಲಿ ಯುಕ್ತಿಯಿದೆಯೆಂದು ಸುದರ್ಶನರು ಒಪ್ಪಿಕೊಂಡರು. ಬೇರುನಾರುಗಳ ತಿಳಿವಳಿಕೆಯನ್ನೂ ಗೌರವಿಸಿದರು. ಇನ್ನೊಂದೆಡೆ, ಸೋಲಿಗರಲ್ಲಿ ಕೆಲವರ ಕೈಕಾಲು ನೋವು, ಬಿಳಿಚಿದ ಮುಖ, ಪದೇ ಪದೇ ಬರುವ ಜ್ವರಗಳಿಗೆ ಕುಡುಗೋಲಿನಾಕಾರದ ರಕ್ತಕಣವೆಂಬ ವಂಶಪಾರಂಪರ್ಯದ ರೋಗವು ಕಾರಣವೆಂಬುದು ಇಲ್ಲಿಯ ಕೆಲಸದಿಂದ ಬೆಳಕಿಗೆ ಬಂದಿತು. ಇದು ತಂದೆತಾಯಿಗಳಿಬ್ಬರಿಂದಲೂ ಮಗುವಿಗೆ ಬರುವಂಥದು. ಮೊದಲೇ ಗುರುತಿಸಿದರೆ ಬಹಳ ಕಷ್ಟವನ್ನು ತಪ್ಪಿಸಬಹುದು. 2023ರಲ್ಲಿ ಕೇಂದ್ರ ಸರ್ಕಾರವು ಈ ರೋಗದ ನಿರ್ಮೂಲನಕ್ಕೆಂದು ರಾಷ್ಟ್ರೀಯ ಅಭಿಯಾನವನ್ನು ಕೈಗೊಂಡಾಗ, ಬಿಳಿಗಿರಿಯ ಸೋಲಿಗರಿಗೆ ಅದು ಹಳೆಯ ಪರಿಚಯದ ಹೆಸರಾಗಿದ್ದಿತು.

ಈ ಎಲ್ಲಕ್ಕಿಂತ ದೂರದೃಷ್ಟಿಯ ಕೆಲಸವೆಂದರೆ ಗಿರಿಜನ ಹೆಣ್ಣುಮಕ್ಕಳಿಗೇ ದಾದಿಯರ ಶಿಕ್ಷಣ ಕೊಟ್ಟುದು. ಪೇಟೆಯ ದಾದಿಗೆ ಪೋಡಿನ ವಾಸ ವನವಾಸ. ಪೋಡಿನ ಹುಡುಗಿಗೆ ಅದು ತವರು. ಎಲ್ಲಿಂದಲೋ ಬಂದು ಉಳಿಯುವವರನ್ನು ಹುಡುಕುವುದಕ್ಕಿಂತ, ಅಲ್ಲಿಯೇ ಇರುವವರ ಕೈಗೆ ವಿದ್ಯೆಯನ್ನು ಕೊಡುವುದು ಸುಲಭವೂ ಹೌದು, ಶಾಶ್ವತವೂ ಹೌದು. ಭಾಷೆ ಬಲ್ಲವಳು, ದಾರಿ ಬಲ್ಲವಳು, ಯಾರ ಮನೆಯಲ್ಲಿ ಯಾವ ತಿಂಗಳಿಗೆ ಹೆರಿಗೆಯೆಂಬುದನ್ನು ಪುಸ್ತಕ ತೆರೆಯದೆಯೇ ಹೇಳಬಲ್ಲವಳು.

ದೀಪದ ಬುಡದಲ್ಲಿ

ಕಾಡಿನ ಕಥೆ ಇಷ್ಟಾಯಿತು. ಇದನ್ನೆಲ್ಲ ನೋಡಿ, ಅದೇ ರಸ್ತೆಯಲ್ಲಿ ಬನಶಂಕರಿಗೆ ಹಿಂದಿರುಗಿದಾಗ ಒಂದು ಪ್ರಶ್ನೆ ಕಾಡುತ್ತದೆ. ಇಷ್ಟು ಆಸ್ಪತ್ರೆಗಳಿರುವ ದಕ್ಷಿಣ ಬೆಂಗಳೂರಿನಲ್ಲಿ ವೈದ್ಯರಿಲ್ಲದ ಬಡವರಿರಬಹುದೇ? ಇದ್ದಾರೆ. ದೀಪದ ಬುಡದಲ್ಲಿ ಕತ್ತಲೆಯೆಂಬುದು ಸುಳ್ಳಲ್ಲ. ತಿಲಕನಗರ, ಗುರಪ್ಪನಪಾಳ್ಯ, ಯಾರಬ್ ನಗರಗಳ ಇಕ್ಕಟ್ಟಿನ ಸಾಲುಮನೆಗಳಲ್ಲಿ, ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳ ಮೊದಲಕ್ಷರ ಸೇರಿ ಆದ ಬಿ.ಟಿ.ಎಂ. ಬಡಾವಣೆಯ ಹಿಂಬದಿಯ ಬಾಡಿಗೆ ಕೋಣೆಗಳಲ್ಲಿ, ಕಟ್ಟಡ ಕೆಲಸಕ್ಕೆ ಬಂದವರೂ ಮನೆಗೆಲಸದ ಹೆಂಗಸರೂ ವಾಸಿಸುತ್ತಾರೆ. ಎದುರಿನ ದೊಡ್ಡ ಆಸ್ಪತ್ರೆಯ ಗಾಜಿನ ಬಾಗಿಲು ಅವರಿಗೆ ಬಿಳಿಗಿರಿಯಷ್ಟೇ ದೂರ.

ಇವರಿಗಾಗಿ ಬಂದವು ನಮ್ಮ ಕ್ಲಿನಿಕ್‌ಗಳು. 2022ರ ಡಿಸೆಂಬರಿನಲ್ಲಿ ರಾಜ್ಯದ ಇತರ ಊರುಗಳಲ್ಲಿ ಮೊದಲಾಗಿ, 2023ರ ಫೆಬ್ರವರಿಯಲ್ಲಿ ಬೆಂಗಳೂರಿಗೆ ಬಂದುವು. ವಾರ್ಡಿಗೊಂದು ಎಂಬುದು ಸಂಕಲ್ಪ. ಒಬ್ಬರು ವೈದ್ಯರು, ಒಬ್ಬರು ದಾದಿ, ರಕ್ತ ಪರೀಕ್ಷೆ ಮಾಡುವವರೊಬ್ಬರು, ಸಹಾಯಕರೊಬ್ಬರು, ಇಷ್ಟೆ ಸಂಸಾರ. ನೋಡುವುದಕ್ಕೆ ಹಣವಿಲ್ಲ, ಔಷಧಿಗೆ ಹಣವಿಲ್ಲ, ರಕ್ತ ಪರೀಕ್ಷೆಗೂ ಇಲ್ಲ. ಸಕ್ಕರೆ ರೋಗ, ರಕ್ತದ ಒತ್ತಡಗಳಿಗೆ ತಿಂಗಳು ತಿಂಗಳೂ ಗುಳಿಗೆ ಬೇಕಾದವರಿಗೆ ಇದೊಂದು ದೊಡ್ಡ ಆಸರೆ. ಇವರ ಜೊತೆಗೆ ಮನೆಮನೆಗೆ ಹೋಗಿ ಬಸುರಿಯರನ್ನೂ ಎಳೆಮಕ್ಕಳನ್ನೂ ಕರೆತರುವ ಆಶಾ ಕಾರ್ಯಕರ್ತೆಯರು.

ಗುಂಬಳ್ಳಿಯ ಅಳತೆಗೋಲನ್ನು ಹಿಡಿದು ಇದನ್ನು ನೋಡಿದರೆ ಎರಡು ಮಾತು ಹೇಳಬೇಕಾಗುತ್ತದೆ. ಆರಂಭದಲ್ಲಿ ಈ ಕ್ಲಿನಿಕ್‌ಗಳಿಗೆ ಗೊತ್ತುಮಾಡಿದ ವೇಳೆ ಬೆಳಿಗ್ಗೆ 9ರಿಂದ ಸಂಜೆ 4-30ರವರೆಗೆ. ನಾಲ್ಕು ಮನೆಗಳ ಪಾತ್ರೆ ತೊಳೆಯುವ ಹೆಂಗಸು ಬಿಡುವಾಗುವುದು ಆ ವೇಳೆಯ ನಂತರ. ಅವಳು ಬರಬೇಕಾದರೆ ಒಂದು ಮನೆಯ ಕೆಲಸ ತಪ್ಪಬೇಕು. ತಪ್ಪಿದ ದಿನಕ್ಕೆ ಸಂಬಳ ಕಡಿತ. ನರಸೀಪುರದ ಐವತ್ತು ರೂಪಾಯಿಯ ಲೆಕ್ಕ ಜಯನಗರದಲ್ಲಿಯೂ ತಪ್ಪಿದ್ದಲ್ಲ. ಎರಡನೆಯದು ಸಿಬ್ಬಂದಿಯ ನೆಲೆ. ಇಲ್ಲಿಯ ವೈದ್ಯರೂ ದಾದಿಯರೂ ಗುತ್ತಿಗೆಯ ಮೇಲೆ ಕೆಲಸ ಮಾಡುವವರು. ಸ್ನಾತಕೋತ್ತರ ಶಿಕ್ಷಣದ ಕನಸು ಕಾಣುವ ತರುಣರು. ಪ್ರವೇಶ ದೊರೆತೊಡನೆ ಹೊರಟುಹೋದರೆ ಅವರನ್ನು ದೂರುವಂತಿಲ್ಲ. ಆದರೆ ರೋಗಿಗೆ ಮಾತ್ರ ಪ್ರತಿ ಬಾರಿಯೂ ಹೊಸ ಮುಖಕ್ಕೆ ಹಳೆಯ ಕಥೆಯನ್ನು ಮೊದಲಿನಿಂದ ಹೇಳಬೇಕಾಗುತ್ತದೆ.

ಒಂದೇ ಮುಖ ಒಂದೇ ಜಾಗದಲ್ಲಿ ಕಾಣುವುದರ ಬೆಲೆಯೆಷ್ಟೆಂಬುದಕ್ಕೆ ಬೆಂಗಳೂರಿನದೇ ಇನ್ನೊಂದು ನಿದರ್ಶನವಿದೆ. ತುಮಕೂರು ರಸ್ತೆಯಲ್ಲಿ, ನೆಲಮಂಗಲದ ಆಚೆಯ ಟಿ. ಬೇಗೂರಿನಲ್ಲಿ ಹೃದ್ರೋಗ ತಜ್ಞರಾದ ಡಾ. ಬಿ. ರಮಣರಾವ್ ಅವರು 1970ರ ದಶಕದಲ್ಲಿ ಉಚಿತ ಚಿಕಿತ್ಸಾಲಯವನ್ನು ತೆರೆದರು. ವಾರದ ಆರು ದಿನ ನಗರದ ವೈದ್ಯರು, ಭಾನುವಾರ ಬೇಗೂರಿನ ವೈದ್ಯರು. ದಶಕಗಳ ಕಾಲ ಭಾನುವಾರ ತಪ್ಪಲಿಲ್ಲ. ದೂರದಿಂದ ಬಂದು ಸಾಲಿನಲ್ಲಿ ನಿಂತವರಿಗೆ ಔಷಧಿಯ ಜೊತೆಗೆ ಊಟವೂ ಉಂಟು. 2010ರಲ್ಲಿ ಪದ್ಮಶ್ರೀ ಬಂದಿತು. ಅವರು ಕೊಟ್ಟುದು ವಾರಕ್ಕೆ ಒಂದೇ ದಿನ. ಆದರೆ ಆ ದಿನ ಯಾವುದೆಂಬುದು ಸುತ್ತಣ ಹಳ್ಳಿಗಳ ಮಕ್ಕಳಿಗೂ ತಿಳಿದಿದ್ದಿತು.

ನಮ್ಮ ಹಿರಿಯರು ಕಾಸಿಲ್ಲದೆ ಚಿಕಿತ್ಸೆ ದೊರೆಯುವ ಸ್ಥಳವನ್ನು ಧರ್ಮಾಸ್ಪತ್ರೆ ಎನ್ನುತ್ತಿದ್ದರು. ಧರ್ಮವೆಂದರೆ ಬಿಟ್ಟಿಯೆಂಬ ಅರ್ಥವೂ ಉಂಟು, ಕರ್ತವ್ಯವೆಂಬ ಅರ್ಥವೂ ಉಂಟು. ಮೊದಲನೆಯ ಅರ್ಥದ ಆಸ್ಪತ್ರೆಗಳನ್ನು ಒಂದು ಆಜ್ಞೆಯಿಂದ ತೆರೆಯಬಹುದು. ಎರಡನೆಯ ಅರ್ಥದವಕ್ಕೆ ಸಂಬಳ ಸಕಾಲಕ್ಕೆ ಬರಬೇಕು, ವಾಸಕ್ಕೆ ಮನೆ ಬೇಕು, ದುಡಿದು ಬಂದ ಜನಕ್ಕೆ ಒದಗುವ ವೇಳೆ ಬೇಕು, ನೆರೆಹೊರೆಯ ವಿಚಾರಣೆಯೂ ಬೇಕು. ಜಯನಗರದಲ್ಲಿಯೋ ಜೆ. ಪಿ. ನಗರದಲ್ಲಿಯೋ ವಾಸಿಸುವ ವಾಚಕರು ತಮ್ಮ ವಾರ್ಡಿನ ಕ್ಲಿನಿಕ್ ಎಲ್ಲಿದೆಯೆಂದು ಒಮ್ಮೆ ವಿಚಾರಿಸಬಹುದು. ಅಲ್ಲಿಯ ವೈದ್ಯರ ಹೆಸರನ್ನೂ ವೇಳೆಯನ್ನೂ ತಿಳಿದುಕೊಂಡು ಮನೆಗೆಲಸಕ್ಕೆ ಬರುವವರಿಗೆ ಹೇಳಬಹುದು. ಅವರು ಹೋಗಿಬರುವ ದಿನದ ಸಂಬಳವನ್ನು ಹಿಡಿಯದೆ ಇರಬಹುದು. ಬಿಳಿಗಿರಿಯ ಭಾವನ ದರ್ಶನಕ್ಕೆ ಹೊರಟವರು ಬೆಟ್ಟದ ಬುಡದ ಗುಂಬಳ್ಳಿಯಲ್ಲಿ ಗಾಡಿಯನ್ನು ಸ್ವಲ್ಪ ನಿಧಾನಮಾಡಿ ಆ ಆರೋಗ್ಯ ಕೇಂದ್ರದ ಕಡೆಗೆ ಕಣ್ಣು ಹಾಯಿಸಲಿ. ಅಲ್ಲಿ ನೋಡುವುದಕ್ಕೆ ಬಳೆಮಂಟಪದಂಥ ಶಿಲ್ಪವೇನೂ ಇಲ್ಲ.